ಅನೇಕ್ ಕನ್ನಡ: ಅಕ್ಷರವಿನ್ಯಾಸ ಮತ್ತು ಬಳಕೆ

ಮುಂಬೈಯ ಏಕ್ ಟೈಪ್ ಸಂಸ್ಥೆ 2022ರಲ್ಲಿ ಹೊರತಂದ ‘ಅನೇಕ್’ ಫಾಂಟ್ ಕುಟುಂಬದ ಕನ್ನಡ ರೂಪವಿದು, ಬಳಕೆಗೆ ಉಚಿತ. ರೇಖೆಗಳ ದಪ್ಪ ಬಹುಮಟ್ಟಿಗೆ ಸಮ, ತುದಿಗಳಲ್ಲಿ ಅಲಂಕಾರವಿಲ್ಲ; ಕನ್ನಡದ ಗುಂಡುತನ ಮಾತ್ರ ಉಳಿದಿದೆ. ಅಕ್ಷರದ ದಪ್ಪವನ್ನಷ್ಟೇ ಅಲ್ಲ, ಅಗಲವನ್ನೂ ಹಿಗ್ಗಿಸಬಹುದು, ಕುಗ್ಗಿಸಬಹುದು.

ಮರಾಠಿ, ಉರ್ದು, ತೆಲುಗು ಬೆರೆತ ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಪಟ್ಟಣಗಳಿಗೆ ಈ ಗುಣ ಒಪ್ಪುವಂಥದು. 2024ರ ಕಾಯ್ದೆ ತಿದ್ದುಪಡಿಯಂತೆ ಅಂಗಡಿಯ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು. ಆದರೆ ‘ವಸ್ತ್ರಾಲಯ’ದಂಥ ಪದದ ಒತ್ತಕ್ಷರಗಳು ಕೆಳಗಿಳಿದು ಎತ್ತರವನ್ನು ಬೇಡುತ್ತವೆ, ಎರಡು ಸಾಲಾದರೆ ಅಕ್ಷರಗಳು ಕಿರಿದಾಗುವುದು ಅನಿವಾರ್ಯ. ಕಿರಿದಗಲದ ರೂಪದಲ್ಲಿ ಉದ್ದ ಹೆಸರೂ ಒಂದೇ ಸಾಲಿನಲ್ಲಿ ದೊಡ್ಡದಾಗಿ ನಿಲ್ಲಬಲ್ಲುದು. ಪಕ್ಕದ ಮರಾಠಿ, ತೆಲುಗು, ಇಂಗ್ಲಿಷ್‌ಗೂ ಇದೇ ಕುಟುಂಬದ ಅಕ್ಷರಗಳುಂಟು. ಉರ್ದುವಿಗಿಲ್ಲ, ಅದಕ್ಕೆ ಬೇರೆ ಫಾಂಟನ್ನೇ ಹುಡುಕಬೇಕು.