ಹಿಮದ ಕೆಳಗೊಂದು ಅಣುಸ್ಥಾವರ

2025ರ ಫೆಬ್ರುವರಿಯಲ್ಲಿ ಮಂಡಿಸಲಾದ ಕೇಂದ್ರ ಮುಂಗಡಪತ್ರದಲ್ಲಿ 'ಸ್ಮಾಲ್ ಮಾಡ್ಯುಲರ್ ರಿಯಾಕ್ಟರ್' ಎಂಬ ಪುಟ್ಟ ಅಣುಸ್ಥಾವರಗಳ ಸಂಶೋಧನೆ ಮತ್ತು ಅಭಿವೃದ್ಧಿಗಾಗಿ 20,000 ಕೋಟಿ ರೂಪಾಯಿಗಳನ್ನು ಘೋಷಿಸಲಾಯಿತು. 2033ರ ವೇಳೆಗೆ ದೇಶದಲ್ಲಿಯೇ ರೂಪಿಸಿದ ಕನಿಷ್ಠ ಐದು ಸ್ಥಾವರಗಳು ಕೆಲಸ ಆರಂಭಿಸಬೇಕೆಂಬುದು ಗುರಿ. ಕಾರ್ಖಾನೆಯಲ್ಲಿ ಭಾಗಭಾಗವಾಗಿ ತಯಾರಿಸಿ, ಸಾಗಿಸಿ, ಬೇಕಾದಲ್ಲಿ ಜೋಡಿಸಿಕೊಳ್ಳುವ ಈ ಕಲ್ಪನೆಯನ್ನು ನಮ್ಮ ಶತಮಾನದ ಹೊಸ ಆವಿಷ್ಕಾರವೆಂಬಂತೆ ಬಣ್ಣಿಸುವುದು ರೂಢಿಯಾಗಿದೆ. ಇತಿಹಾಸ ಬೋಧಿಸಿಯೇ ಆಯುಷ್ಯ ಸವೆಸಿದ ನನ್ನಂಥವನಿಗೆ 'ಹೊಸದು' ಎಂಬ ಮಾತು ಕಿವಿಗೆ ಬಿದ್ದೊಡನೆ ಹಳೆಯದನ್ನು ಕೆದಕುವ ಚಪಲ. ಕೆದಕಿದಾಗ ದೊರೆತ ಕಥೆಗೆ ಎಪ್ಪತ್ತು ವರ್ಷ ತುಂಬಿದೆ.

ಅಮೆರಿಕದ ಭೂಸೇನೆ 1954ರಲ್ಲಿ ತನ್ನದೇ ಆದ ಪರಮಾಣು ವಿದ್ಯುತ್ ಯೋಜನೆಯೊಂದನ್ನು ಆರಂಭಿಸಿತು. ಶೀತಲ ಸಮರದ ಕಾಲ. ಸೋವಿಯತ್ ಬಾಂಬರುಗಳ ಮೇಲೆ ಕಣ್ಣಿಡಲು ಉತ್ತರ ಧ್ರುವದ ಅಂಚಿನಲ್ಲಿ ರಡಾರ್ ಕೇಂದ್ರಗಳ ಸಾಲೇ ಏಳುತ್ತಿತ್ತು. ಅಲ್ಲಿಗೆ ಡೀಸೆಲ್ ಸಾಗಿಸುವುದೇ ಒಂದು ಯುದ್ಧದಂತಿತ್ತು. ಒಮ್ಮೆ ಇಂಧನ ತುಂಬಿದರೆ ವರ್ಷಗಟ್ಟಲೆ ಉರಿಯುವ ಸಣ್ಣ ಸ್ಥಾವರ ದೊರೆತರೆ ಯಾವ ಸೇನಾಧಿಕಾರಿ ತಾನೆ ಬೇಡವೆಂದಾನು?

ಸೇನೆಯವರ ನಾಮಕರಣ ಪದ್ಧತಿ ನನಗೆ ಬಹಳ ಹಿಡಿಸಿತು. ಮೊದಲ ಅಕ್ಷರ ಸ್ಥಾವರದ ಸ್ವಭಾವಕ್ಕೆ: ಎಸ್ ಎಂದರೆ ಸ್ಥಿರ, ಪಿ ಎಂದರೆ ಬಿಡಿಸಿ ಸಾಗಿಸಬಲ್ಲದ್ದು, ಎಂ ಎಂದರೆ ಚಲಿಸುವಂಥದ್ದು. ಎರಡನೆಯ ಅಕ್ಷರ ಶಕ್ತಿಗೆ: ಎಲ್ ಅಲ್ಪ, ಎಂ ಮಧ್ಯಮ, ಎಚ್ ಅಧಿಕ. ಹೀಗೆ 1957ರ ಏಪ್ರಿಲ್‌ನಲ್ಲಿ ವರ್ಜೀನಿಯಾದ ಫೋರ್ಟ್ ಬೆಲ್ವಾರ್‌ನಲ್ಲಿ ಚಾಲನೆಗೊಂಡ ಮೊದಲನೆಯದು ಎಸ್‌ಎಂ-1. ಸುಮಾರು ಎರಡು ಮೆಗಾವ್ಯಾಟ್ ವಿದ್ಯುತ್ತು, ಜೊತೆಗೆ ಸಿಬ್ಬಂದಿಗೆ ತರಬೇತಿ.

ಈ ಸರಣಿಯ ಅತ್ಯಂತ ವಿಚಿತ್ರ ಸ್ಥಾವರವೆಂದರೆ ಗ್ರೀನ್‌ಲ್ಯಾಂಡಿನ ಪಿಎಂ-2ಎ. ಥೂಲೆ ವಾಯುನೆಲೆಯಿಂದ ಸುಮಾರು 240 ಕಿಲೋಮೀಟರ್ ದೂರದಲ್ಲಿ, ಹಿಮಪದರದ ಒಳಗೇ ಸುರಂಗಗಳನ್ನು ಕೊರೆದು, 'ಕ್ಯಾಂಪ್ ಸೆಂಚುರಿ' ಎಂಬ ನೆಲಮಾಳಿಗೆಯ ಊರನ್ನು ಕಟ್ಟಿದರು. ಇನ್ನೂರು ಜನರ ವಸತಿ, ಅಡುಗೆಮನೆ, ಆಸ್ಪತ್ರೆ ಎಲ್ಲವೂ ಹಿಮದ ಗರ್ಭದಲ್ಲಿ. ಅಮೆರಿಕದಲ್ಲಿ ತಯಾರಾದ ರಿಯಾಕ್ಟರಿನ ಭಾಗಗಳು 1960ರ ಬೇಸಿಗೆಯಲ್ಲಿ ಹಡಗಿನಲ್ಲಿ ಬಂದು, ಹಿಮಬಂಡಿಗಳ ಮೇಲೆ ಸಾಗಿ, ಸುರಂಗದೊಳಗೆ ಜೋಡಣೆಯಾಗಿ, ಅದೇ ಅಕ್ಟೋಬರ್‌ನಲ್ಲಿ ಸರಪಳಿ ಕ್ರಿಯೆ ಆರಂಭವಾಯಿತು. ಇಂದು ನಾವು ಕನಸು ಕಾಣುತ್ತಿರುವ ಮಾಡ್ಯುಲರ್ ಸ್ಥಾವರ ಇದಲ್ಲದೆ ಮತ್ತೇನು? ಎಂಜಿನಿಯರುಗಳ ಆ ಸಾಹಸಕ್ಕೆ ಈಗಲೂ ತಲೆದೂಗಲೇಬೇಕು.

ಆದರೆ ಹಿಮ ಅವರ ಲೆಕ್ಕಾಚಾರಕ್ಕೆ ಒಗ್ಗಲಿಲ್ಲ. ಹಿಮಪದರವು ಎಣಿಸಿದ್ದಕ್ಕಿಂತ ಬೇಗ ಸರಿಯುತ್ತ, ಸುರಂಗದ ಛಾವಣಿ ಕುಸಿಯುತ್ತ, ರಿಯಾಕ್ಟರಿನ ಕೊಠಡಿಯನ್ನೇ ಒತ್ತತೊಡಗಿತು. ಮೂರೇ ವರ್ಷಗಳಲ್ಲಿ, 1963ರಲ್ಲಿ, ಸ್ಥಾವರವನ್ನು ನಿಲ್ಲಿಸಿ ಮರುವರ್ಷ ಬಿಚ್ಚಿ ಒಯ್ದರು. ಇದು ವೈಜ್ಞಾನಿಕ ಶಿಬಿರವೆಂದು ಜಗತ್ತಿಗೆ ಸಾರಲಾಗಿತ್ತು. ಹಿಮದಡಿಯಲ್ಲಿ ಆರುನೂರು ಕ್ಷಿಪಣಿಗಳನ್ನು ಅಡಗಿಸುವ 'ಐಸ್‌ವರ್ಮ್' ಎಂಬ ಗುಪ್ತ ಯೋಜನೆ ಇದರ ಹಿಂದಿತ್ತೆಂಬುದು 1990ರ ದಶಕದಲ್ಲಷ್ಟೇ ಬಯಲಾಯಿತು. ವಿಪರ್ಯಾಸವೆಂದರೆ, ನೆಪವಾಗಿದ್ದ ವಿಜ್ಞಾನವೇ ಕೊನೆಗೆ ಉಳಿದ ಫಲ. 1966ರಲ್ಲಿ ಅಲ್ಲಿ ಸುಮಾರು 1,390 ಮೀಟರ್ ಆಳದವರೆಗೆ ಕೊರೆದು ತೆಗೆದ ಹಿಮದ ಕಂಬ, ಭೂಮಿಯ ಪ್ರಾಚೀನ ಹವಾಮಾನವನ್ನು ಓದುವ ವಿದ್ಯೆಗೆ ಬುನಾದಿ ಹಾಕಿತು. ರಿಯಾಕ್ಟರ್ ಹೋದರೂ ವಿಕಿರಣಯುಕ್ತ ತ್ಯಾಜ್ಯ ಜಲ ಮತ್ತು ಡೀಸೆಲ್ ಅಲ್ಲಿಯೇ ಹುದುಗಿವೆ. ತಾಪಮಾನ ಏರುತ್ತ ಹೋದರೆ ಅವು ಮೇಲೆ ಬರಬಹುದೆಂದು 2016ರಲ್ಲಿ ವಿಜ್ಞಾನಿಗಳು ಎಚ್ಚರಿಸಿದರು.

ಇನ್ನೊಂದು ಘಟನೆಯನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ. ಇಡಾಹೋ ರಾಜ್ಯದ ಮರುಭೂಮಿಯಲ್ಲಿದ್ದ ಎಸ್‌ಎಲ್-1, ರಡಾರ್ ಕೇಂದ್ರಗಳಿಗೆಂದು ರೂಪಿಸಿದ ಅತಿ ಸಣ್ಣ ಮಾದರಿ. ಅದರಿಂದ ದೊರೆಯುತ್ತಿದ್ದ ವಿದ್ಯುತ್ತು ಕೇವಲ 200 ಕಿಲೋವ್ಯಾಟ್. 1961ರ ಜನವರಿ 3ರ ರಾತ್ರಿ ಪಾಳಿಯಲ್ಲಿ, ರಜೆಗೆಂದು ನಿಲ್ಲಿಸಿದ್ದ ರಿಯಾಕ್ಟರನ್ನು ಮತ್ತೆ ಚಾಲನೆಗೆ ಅಣಿಗೊಳಿಸಲು ಮೂವರು ಸೈನಿಕರು ಇದ್ದರು. ಮೂವರೂ ಇಪ್ಪತ್ತರ ಹರೆಯದವರು. ನಡುವಿನ ನಿಯಂತ್ರಣ ದಂಡವನ್ನು ಕೈಯಿಂದ ಸುಮಾರು ಹತ್ತು ಸೆಂಟಿಮೀಟರಿನಷ್ಟು ಎತ್ತಬೇಕಿತ್ತು. ಅದು ಐವತ್ತು ಸೆಂಟಿಮೀಟರಿನಷ್ಟು ಮೇಲೆ ಬಂದಿತು. ಸೆಕೆಂಡಿನ ಸಾವಿರದ ಕೆಲವೇ ಅಂಶಗಳಲ್ಲಿ, ಮೂರು ಮೆಗಾವ್ಯಾಟ್ ಶಾಖಕ್ಕೆಂದು ನಿರ್ಮಿಸಿದ ಪಾತ್ರೆಯೊಳಗೆ ಶಕ್ತಿ ಇಪ್ಪತ್ತು ಸಾವಿರ ಮೆಗಾವ್ಯಾಟಿನ ಸಮೀಪಕ್ಕೆ ಚಿಮ್ಮಿತು. ಹಲವು ಟನ್ ಭಾರದ ಆ ಪಾತ್ರೆ ಎರಡೂವರೆ ಮೀಟರಿಗೂ ಹೆಚ್ಚು ಮೇಲಕ್ಕೆ ಜಿಗಿಯಿತು. ಮೂವರೂ ಮಡಿದರು.

ದಂಡವನ್ನು ಅಷ್ಟೇಕೆ ಎತ್ತಲಾಯಿತೆಂಬುದಕ್ಕೆ ಸಾಕ್ಷಿ ಹೇಳಲು ಯಾರೂ ಉಳಿಯಲಿಲ್ಲ. ಮೃತರ ವೈಯಕ್ತಿಕ ಜೀವನದ ಸುತ್ತ ಹೆಣೆದ ಗುಸುಗುಸು ಕಥೆಗಳು ಇಂದಿಗೂ ಓಡಾಡುತ್ತಿವೆ. ಅವನ್ನು ಇಲ್ಲಿ ಹೇಳುವುದು ನನಗೆ ಸಮ್ಮತವಲ್ಲ. ದಂಡಗಳು ಆಗಾಗ ಸಿಕ್ಕಿಕೊಳ್ಳುತ್ತಿದ್ದವೆಂಬುದು ಮೊದಲೇ ದಾಖಲಾಗಿತ್ತು. ಒಂದೇ ದಂಡವನ್ನು ಎತ್ತಿದರೆ ಸರಪಳಿ ಕ್ರಿಯೆ ಕೆರಳುವಂಥ ವಿನ್ಯಾಸವನ್ನು ಒಪ್ಪಿದವರು ಆ ಮೂವರಲ್ಲವಲ್ಲ! ಅತ್ಯಂತ ಪ್ರಬಲವಾದ ದಂಡವೊಂದು ಪೂರ್ತಿ ಹೊರಗಿದ್ದರೂ ರಿಯಾಕ್ಟರ್ ಶಾಂತವಾಗಿಯೇ ಇರಬೇಕೆಂಬ ನಿಯಮವನ್ನು ವಿನ್ಯಾಸಕಾರರು ಕಟ್ಟುನಿಟ್ಟಾಗಿ ಪಾಲಿಸತೊಡಗಿದ್ದು ಈ ದುರಂತದ ನಂತರ.

ಅಂಟಾರ್ಕ್ಟಿಕಾದ ಮೆಕ್‌ಮರ್ಡೋ ನೆಲೆಯಲ್ಲಿ ಪಿಎಂ-3ಎ 1962ರಿಂದ 1972ರವರೆಗೆ, ಅಡಚಣೆಗಳ ನಡುವೆಯೇ, ನಡೆಯಿತು. ವಿಕಿರಣ ತ್ಯಾಜ್ಯವನ್ನು ಆ ಖಂಡದಲ್ಲಿ ಬಿಡಕೂಡದೆಂದು ಅಂಟಾರ್ಕ್ಟಿಕ್ ಒಪ್ಪಂದ ವಿಧಿಸಿದ್ದರಿಂದ, ಸ್ಥಾವರದ ಜೊತೆಗೆ ಸಾವಿರಾರು ಟನ್ ಕಲ್ಲುಮಣ್ಣನ್ನೂ ಅಗೆದು ಅಮೆರಿಕಕ್ಕೆ ಸಾಗಿಸಬೇಕಾಯಿತು. ಆ ಕೆಲಸ 1979ರವರೆಗೆ ಎಳೆಯಿತು. ಪನಾಮಾ ಕಾಲುವೆಯ ಗಾಟುನ್ ಸರೋವರದಲ್ಲಿ 1968ರಿಂದ 1976ರವರೆಗೆ 'ಸ್ಟರ್ಜಿಸ್' ಎಂಬ ಹಳೆಯ ಹಡಗಿನ ಮೇಲಿನ ಎಂಎಚ್-1ಎ ಹತ್ತು ಮೆಗಾವ್ಯಾಟ್ ವಿದ್ಯುತ್ತು ನೀಡಿತು. ಜಲವಿದ್ಯುತ್ತಿಗೆ ಹೋಗುತ್ತಿದ್ದ ನೀರು ಹಡಗುಗಳನ್ನು ದಾಟಿಸಲು ಉಳಿಯಿತು. ಅಲಾಸ್ಕ, ವಯೋಮಿಂಗ್‌ಗಳಲ್ಲಿಯೂ ಒಂದೊಂದು ಸ್ಥಾವರವಿತ್ತು.

ಎಪ್ಪತ್ತರ ದಶಕದಲ್ಲಿ ಇಡೀ ಯೋಜನೆಗೆ ತೆರೆ ಬಿದ್ದಿತು. ವಿಯೆಟ್ನಾಂ ಯುದ್ಧ ಹಣವನ್ನು ನುಂಗಿತ್ತು; ಲೆಕ್ಕ ಹಾಕಿದರೆ ಡೀಸೆಲ್ಲೇ ಅಗ್ಗವೆನಿಸುತ್ತಿತ್ತು. ನನಗೆ ತೋರುವ ಮುಖ್ಯ ಕಾರಣ ಬೇರೆ. ಒಂದರಂತೆ ಇನ್ನೊಂದು ಇರಲಿಲ್ಲ. ಪ್ರತಿಯೊಂದೂ ಹೊಸ ವಿನ್ಯಾಸ, ಹೊಸ ಪಾಠ, ಹೊಸ ಖರ್ಚು. ಹೀಗಿದ್ದ ಮೇಲೆ ಕಾರ್ಖಾನೆಯ ಲಾಭ ಎಲ್ಲಿಂದ ಬಂದೀತು? ಅಣುಶಕ್ತಿ ನೌಕೆಗಳ ಜನಕ ಅಡ್ಮಿರಲ್ ರಿಕೋವರ್ 1953ರಲ್ಲಿಯೇ ಈ ಕುರಿತು ಗೇಲಿ ಮಾಡಿದ್ದರು: ಕಾಗದದ ಮೇಲಿನ ರಿಯಾಕ್ಟರ್ ಯಾವಾಗಲೂ ಸಣ್ಣದು, ಸರಳ, ಅಗ್ಗ, ಕಟ್ಟಲು ಹೊರಟಾಗ ಎಲ್ಲವೂ ತಿರುವುಮುರುವು ಎಂಬುದು ಅವರ ಮಾತಿನ ಸಾರ. ಅದೇ ಇಡಾಹೋ ಪ್ರಯೋಗಭೂಮಿಯಲ್ಲಿ 77 ಮೆಗಾವ್ಯಾಟಿನ ಆರು ಘಟಕಗಳನ್ನು ಸ್ಥಾಪಿಸಲು ಹೊರಟಿದ್ದ ನ್ಯೂಸ್ಕೇಲ್ ಯೋಜನೆ, ವಿದ್ಯುತ್ತಿನ ಅಂದಾಜು ಬೆಲೆ ಮೆಗಾವ್ಯಾಟ್ ಗಂಟೆಗೆ 58 ಡಾಲರುಗಳಿಂದ 89ಕ್ಕೆ ಏರಿದ ಮೇಲೆ, 2023ರ ನವೆಂಬರ್‌ನಲ್ಲಿ ರದ್ದಾಯಿತು.

ನಮ್ಮ ದೇಶದ ಅನುಭವ ಇದಕ್ಕೆ ವ್ಯತಿರಿಕ್ತ. ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 300 ಮೆಗಾವ್ಯಾಟ್‌ವರೆಗಿನ ಘಟಕವನ್ನು 'ಸಣ್ಣದು' ಎನ್ನುತ್ತದೆ. ಆ ಅಳತೆಯಲ್ಲಿ ನಮ್ಮ ಉತ್ತರ ಕನ್ನಡದ ಕೈಗಾದ ನಾಲ್ಕು ಘಟಕಗಳೂ, ತಲಾ 220ರಂತೆ, ಸಣ್ಣವೇ. ಕಾರ್ಖಾನೆಯಲ್ಲಿ ಜೋಡಿಸಿದವಲ್ಲ, ಅಷ್ಟೇ. ಕೆನಡಾದ ನೆರವಿನಿಂದ ರಾಜಸ್ಥಾನದಲ್ಲಿ 1973ರಲ್ಲಿ ಆರಂಭವಾದ ಈ ಮಾದರಿಯನ್ನು, 1974ರ ಪೋಖ್ರಾನ್ ಸ್ಫೋಟದ ನಂತರ ಕೆನಡಾ ಕೈಬಿಟ್ಟಿತು. ನಮ್ಮವರು ಬಿಡಲಿಲ್ಲ. ಕಲ್ಪಾಕ್ಕಂ, ನರೋರಾ, ಕಾಕ್ರಾಪಾರ್, ಕೈಗಾಗಳಲ್ಲಿ ಅದನ್ನೇ ತಿದ್ದಿ ತೀಡಿ ಮತ್ತೆ ಮತ್ತೆ ಕಟ್ಟಿದರು. ಎಡವಲಿಲ್ಲವೆಂದಲ್ಲ: 1994ರ ಮೇ ತಿಂಗಳಿನಲ್ಲಿ ನಿರ್ಮಾಣ ಹಂತದಲ್ಲಿದ್ದ ಕೈಗಾದ ಒಳಗುಮ್ಮಟ ಕುಸಿದು ಕೆಲಸ ವರ್ಷಗಟ್ಟಲೆ ಹಿಂದೆ ಬಿದ್ದಿತು. ಅದೇ ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿರಂತರವಾಗಿ ನಡೆದು ಅಂದಿನ ವಿಶ್ವದಾಖಲೆ ಸ್ಥಾಪಿಸಿತು.

ಈಗ 'ಭಾರತ್ ಸ್ಮಾಲ್ ರಿಯಾಕ್ಟರ್' ಹೆಸರಿನಲ್ಲಿ ಅದೇ 220ನ್ನು ಉದ್ಯಮಗಳ ಬಂಡವಾಳದಿಂದ ಕಟ್ಟುವ ಪ್ರಸ್ತಾವವಿದೆ. ಜೊತೆಗೆ 200 ಮತ್ತು 55 ಮೆಗಾವ್ಯಾಟಿನ ಹೊಚ್ಚಹೊಸ ವಿನ್ಯಾಸಗಳೂ ಸಿದ್ಧವಾಗುತ್ತಿವೆ. ಮೊದಲನೆಯದರ ಬಗ್ಗೆ ನನಗೆ ಭರವಸೆ ಹೆಚ್ಚು. ಎರಡನೆಯವುಗಳಿಗೆ 2033ರ ಗಡುವು ಬಿಗಿಯಾಯಿತೆಂದೇ ಅನಿಸುತ್ತದೆ. ಊರೂರಿಗೆ ಸ್ಥಾವರ ಬಂದಾಗ ರಾತ್ರಿ ಪಾಳಿಯಲ್ಲಿ ಯಾರಿರುತ್ತಾರೆ, ಅವರಿಗೆ ಎಷ್ಟು ತರಬೇತಿ, ಕೆಲಸ ಮುಗಿದ ಮೇಲೆ ಬಿಚ್ಚುವ ಖರ್ಚು ಯಾರದು ಎಂಬುದನ್ನು ಮೊದಲೇ ಬರೆದಿಡಬೇಕು. ಫೋರ್ಟ್ ಬೆಲ್ವಾರ್‌ನ ಎಸ್‌ಎಂ-1 ನಿಂತದ್ದು 1973ರಲ್ಲಿ. ಅದನ್ನು ಪೂರ್ತಿ ಕಳಚುವ ಕೆಲಸ ಆರಂಭವಾದದ್ದು 2021ರಲ್ಲಿ. ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಕ್ಷೇತ್ರದಲ್ಲಿದ್ದರೆ, ನಮ್ಮ ಯೋಜನೆಗಳಲ್ಲಿ ಆ ಬಿಚ್ಚುವಿಕೆಯ ಲೆಕ್ಕ ಹೇಗೆ ಹಾಕುತ್ತಿದ್ದಾರೆಂದು ದಯವಿಟ್ಟು ಬರೆದು ತಿಳಿಸಿ.