ಐವತ್ತು ರೂಪಾಯಿ ದಂಡ, ಮೂರು ತಿಂಗಳ ಗಡುವು: ಹೈದರಾಬಾದಿನ ನಾಯಿಮರಿ ದಂಧೆ ಮತ್ತು ಸಾರ್ವಜನಿಕ ಸಾಕ್ಷ್ಯ

ಹೆಣ್ಣುನಾಯಿಗಳನ್ನು ಗೂಡಿನಲ್ಲಿಟ್ಟು, ಬೆದೆಗೆ ಬಂದಾಗಲೆಲ್ಲ ಗಬ್ಬ ಕಟ್ಟಿಸಿ, ಮರಿಗಳನ್ನು ಸರಕಿನಂತೆ ಮಾರುವ ದಂಧೆಯ ಮಾತು ಬಂದಾಗಲೆಲ್ಲ ಒಂದೇ ಅಂಕಿ ಎದುರು ನಿಲ್ಲುತ್ತದೆ: 50 ರೂಪಾಯಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ಮೊದಲ ಅಪರಾಧಕ್ಕೆ ಹಾಕುವ ಗರಿಷ್ಠ ದಂಡ ಅಷ್ಟೇ. 2014ರ ಮೇ 7ರ ನಾಗರಾಜ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ಶಿಕ್ಷೆ ಸಾಲದೆಂದು ಕಂಡು, ಸಂಸತ್ತು ಇದನ್ನು ತಿದ್ದಬೇಕೆಂದಿತು. 2022ರಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿ ಮಸೂದೆಯ ಕರಡನ್ನು ಸಾರ್ವಜನಿಕರ ಮುಂದಿಟ್ಟಿತು. ಹೀಗಾಗಿ ದಂಡ ಹೆಚ್ಚುವವರೆಗೆ ಈ ದಂಧೆಯವರನ್ನು ಹೊಣೆಗಾರರನ್ನಾಗಿಸಲು ಆಗದು, ಆದ್ದರಿಂದ ಜನಾಭಿಪ್ರಾಯವೆಲ್ಲ ತಿದ್ದುಪಡಿಯ ಕಡೆಗೇ ಹರಿಯಬೇಕು ಎಂಬ ವಾದ ಬೇರೂರಿದೆ. ದಂಡ ಹೆಚ್ಚಬೇಕೆಂಬುದರಲ್ಲಿ ನನಗೂ ತಕರಾರಿಲ್ಲ. ಆದರೆ ದಂಧೆ ನಿರಾತಂಕವಾಗಿ ನಡೆಯಲು ದಂಡದ ಅಲ್ಪತೆಯೇ ಮುಖ್ಯ ಕಾರಣ ಎಂಬ ನಿರ್ಣಯವನ್ನು ಕಾಯ್ದೆಯ ಪಠ್ಯವೇ ಒಪ್ಪುವುದಿಲ್ಲ.

ಹಿನ್ನೆಲೆ ಎಲ್ಲರಿಗೂ ತಿಳಿದದ್ದೇ. ಕಾನೂನು ಆಯೋಗ 2015ರಲ್ಲಿ ತನ್ನ 261ನೆಯ ವರದಿಯಲ್ಲಿ ಸಾಕುಪ್ರಾಣಿ ಅಂಗಡಿಗಳಿಗೂ ನಾಯಿ ತಳಿ ಸಾಕಣೆಗೂ ನಿಯಮಗಳು ಬೇಕೆಂದಿತು. 2017ರ ಮೇ 23ರಂದು ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮಗಳು ಹೊರಬಿದ್ದವು. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗದೆ ತಳಿ ಸಾಕಣೆ ನಡೆಸುವಂತಿಲ್ಲ. ಹದಿನೆಂಟು ತಿಂಗಳು ತುಂಬದ ಹೆಣ್ಣಿಗೆ ಗಬ್ಬ ಕಟ್ಟಿಸುವಂತಿಲ್ಲ, ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದೇ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹುಟ್ಟು, ಸಾವು, ಮಾರಾಟದ ದಾಖಲೆ ಇಡಬೇಕು. ದಲ್ಲಾಳಿಯನ್ನೂ ವ್ಯಾಪಾರಿಯನ್ನೂ ನಿಯಮಗಳು ಬ್ರೀಡರ್ ಎಂದೇ ಎಣಿಸುತ್ತವೆ. ಅದೇ ದಿನ ಹೊರಬಿದ್ದ ಜಾನುವಾರು ಮಾರುಕಟ್ಟೆ ನಿಯಮಗಳು ದೇಶದಲ್ಲಿ ಬಿರುಗಾಳಿ ಎಬ್ಬಿಸಿದವು. ಒಂದೇ ವಾರದಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಅವುಗಳಿಗೆ ತಡೆ ಕೊಟ್ಟಿತು. ನಾಯಿಗಳ ನಿಯಮ ಆ ಗದ್ದಲದಡಿ ಹೂತುಹೋಯಿತು. ಹೈದರಾಬಾದಿನಲ್ಲಂತೂ 2023ರ ಫೆಬ್ರುವರಿಯಲ್ಲಿ ಅಂಬರಪೇಟೆಯಲ್ಲಿ ಬೀದಿನಾಯಿಗಳ ದಾಳಿಗೆ ನಾಲ್ಕು ವರ್ಷದ ಮಗು ಬಲಿಯಾದ ಮೇಲೆ ನಾಯಿ ಎಂದರೆ ಬೀದಿನಾಯಿ ಎಂದೇ ಆಯಿತು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮೇಲಿಂದ ಮೇಲೆ ಈಯುವ ತಾಯಿನಾಯಿ ಯಾರ ಕಣ್ಣಿಗೂ ಬೀಳಲಿಲ್ಲ.

ಈಗ ವಿವಾದದ ಬಿಂದುವಿಗೆ ಬರೋಣ. ಐವತ್ತು ರೂಪಾಯಿಯ ವಾದ 11ನೆಯ ಸೆಕ್ಷನ್ನಿನಲ್ಲೇ ನಿಂತುಬಿಡುತ್ತದೆ. 2017ರ ನಿಯಮಗಳು 38ನೆಯ ಸೆಕ್ಷನ್ನಿನ ಅಧಿಕಾರದಿಂದ ಬಂದವು. ಆ ಸೆಕ್ಷನ್ನಿನ ಮೂರನೆಯ ಉಪಸೆಕ್ಷನ್ ನಿಯಮ ಮುರಿದವರಿಗೆ ನೂರು ರೂಪಾಯಿವರೆಗಿನ ದಂಡ, ಇಲ್ಲವೇ ಮೂರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸುತ್ತದೆ, ಅದೂ ಮೊದಲ ಅಪರಾಧಕ್ಕೇ. ಅಂದರೆ ನೋಂದಣಿಯಿಲ್ಲದೆ ಮರಿ ಮಾರುವವನು ಇಂದಿನ ಕಾನೂನಿನಲ್ಲೇ ಸೆರೆಮನೆಯ ಬಾಗಿಲಿಗೆ ಹತ್ತಿರದಲ್ಲಿದ್ದಾನೆ. ಅವನನ್ನು ಕಾಪಾಡುತ್ತಿರುವುದು ಬೇರೆ ಎರಡು ಸೆಕ್ಷನ್ನುಗಳು. 31ನೆಯದು ಕೆಲವೇ ಅಪರಾಧಗಳನ್ನು ಸಂಜ್ಞೇಯವೆಂದು ಎಣಿಸುತ್ತದೆ, ನಿಯಮಭಂಗ ಅವುಗಳಲ್ಲಿಲ್ಲ. ಆದ್ದರಿಂದ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. 36ನೆಯದು ಇನ್ನೂ ಬಿಗಿ: ಅಪರಾಧ ನಡೆದ ದಿನದಿಂದ ಮೂರು ತಿಂಗಳು ಕಳೆದರೆ ಮೊಕದ್ದಮೆಯನ್ನೇ ಹೂಡುವಂತಿಲ್ಲ. ಮರಿ ಕೊಂಡವರು ಅದರ ಕಾಯಿಲೆಯ ಹಿಂದೆ ಓಡಾಡಿ, ಮಾರಿದವನಿಗೆ ಫೋನು ಮಾಡಿ ದಣಿದು, ದೂರು ಕೊಡೋಣವೆಂದು ಮನಸ್ಸು ಮಾಡುವಷ್ಟರಲ್ಲಿ ಆ ಗಡುವು ತೀರಿರುತ್ತದೆ. ದಂಡವನ್ನು ಲಕ್ಷಕ್ಕೇರಿಸಿ 36ನೆಯ ಸೆಕ್ಷನ್ನನ್ನು ಹಾಗೆಯೇ ಬಿಟ್ಟರೆ ಆ ಲಕ್ಷವೂ ಪುಸ್ತಕದಲ್ಲೇ ಉಳಿಯುತ್ತದೆ.

ಈ ಗಡುವನ್ನು ದಾಟುವ ದಾರಿ ಇದೆಯೆಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ. ಅದನ್ನು ಎಚ್ಚರದಿಂದಲೇ ಮಂಡಿಸಬೇಕು. ನೋಂದಣಿಯಿಲ್ಲದೆ ಸಾಕಣೆ ನಡೆಸುವುದನ್ನು ‘ಮುಂದುವರಿಯುವ ಅಪರಾಧ’ವೆಂದು ಓದಲು ಅವಕಾಶವಿದೆ. ಹಾಗೆ ಓದಿದರೆ ದಂಧೆ ನಡೆಯುವ ಪ್ರತಿದಿನವೂ ಹೊಸ ಅಪರಾಧ, ಪ್ರತಿದಿನವೂ ಹೊಸ ಗಡುವು. ಇದಕ್ಕೆ ಎದುರಾಗುವ ಬಲವಾದ ಆಕ್ಷೇಪ 1972ರ ದೇವಕರಣ್ ನೇಣಸಿ ತೀರ್ಪಿನದು. ಗಣಿಯ ವಾರ್ಷಿಕ ವಿವರಪಟ್ಟಿಯನ್ನು ಗೊತ್ತಾದ ದಿನದೊಳಗೆ ಸಲ್ಲಿಸದಿರುವುದು ಆ ದಿನವೇ ಮುಗಿದುಹೋದ ಅಪರಾಧ, ಮುಂದುವರಿಯುವಂಥದ್ದಲ್ಲ ಎಂದು ಸುಪ್ರೀಂ ಕೋರ್ಟು ಅಲ್ಲಿ ಹೇಳಿತು. ನೋಂದಣಿಗೆ ಅರ್ಜಿ ಹಾಕದಿರುವುದೂ ಅಂಥದ್ದೇ ಅಲ್ಲವೇ? ಅಲ್ಲವೆಂದೇ ನನಗೆ ತೋರುತ್ತದೆ. ಗಣಿಯ ನಿಯಮ ಒಂದು ಕೆಲಸವನ್ನು ಒಂದು ದಿನಾಂಕದೊಳಗೆ ಮಾಡು ಎಂದಿತ್ತು. ನಾಯಿಗಳ ನಿಯಮ ನೋಂದಣಿಯಿಲ್ಲದೆ ಸಾಕಣೆ ನಡೆಸಬೇಡ, ಮುಂದುವರಿಸಬೇಡ, ಅದಕ್ಕಾಗಿ ನಾಯಿಗಳನ್ನು ಇಟ್ಟುಕೊಳ್ಳಬೇಡ ಎನ್ನುತ್ತದೆ. ಒಂದು ಕರ್ತವ್ಯಲೋಪ, ಇನ್ನೊಂದು ನಿಷಿದ್ಧ ಕೃತ್ಯ. ಆದರೂ ಈ ವಾದಕ್ಕೆ ಮಿತಿಗಳಿವೆ. ಅದು ನೋಂದಣಿಯಿಲ್ಲದವನಿಗೆ ಮಾತ್ರ ಅನ್ವಯಿಸುತ್ತದೆ. ಐದು ವಾರದ ಮರಿಯನ್ನು ಮಾರಿದ್ದು ಮಾರಾಟದ ದಿನವೇ ಪೂರ್ತಿಯಾದ ಅಪರಾಧ, ಅದಕ್ಕೆ ಗಡುವು ಗಡುವೇ. ಕಾಯ್ದೆಯಲ್ಲಿ ‘ಮುಂದುವರಿಯುವ’ ಎಂಬ ಮಾತಿಲ್ಲದಿರುವುದರಿಂದ ನ್ಯಾಯಾಲಯ ಪಠ್ಯವನ್ನು ಸಂಕುಚಿತವಾಗಿ ಓದಲೂಬಹುದು.

ಈ ಓದು ನಿಲ್ಲಲಿ, ಬೀಳಲಿ, ಸಾರ್ವಜನಿಕ ಬೆಂಬಲ ಎಂಬುದರ ಅರ್ಥ ಇಲ್ಲಿಂದ ಬದಲಾಗುತ್ತದೆ. ಮೇಣದಬತ್ತಿ ಮೆರವಣಿಗೆಗಿಂತ, ಸಹಿ ಸಂಗ್ರಹಕ್ಕಿಂತ ಕೊಂಡವರ ಮನೆಯಲ್ಲಿರುವ ಕಾಗದಗಳು ಹೆಚ್ಚು ಬೆಲೆಯುಳ್ಳವು. ಲಸಿಕೆ ಕಾರ್ಡಿನಲ್ಲಿ ಹುಟ್ಟಿದ ದಿನಾಂಕ ಮಾರ್ಚ್ 1 ಎಂದಿದ್ದು, ಯುಪಿಐ ಪಾವತಿ ಏಪ್ರಿಲ್ 5ರದ್ದಾಗಿದ್ದರೆ ಮರಿಗೆ ಆಗ 35 ದಿನ. ಎಂಟು ವಾರವೆಂದರೆ 56. ಒಂದೇ ಕೆನಲ್ಲಿನಿಂದ ಕೊಂಡ ಇಬ್ಬರ ಬಳಿ ಕೆನಲ್ ಕ್ಲಬ್ ಆಫ್ ಇಂಡಿಯಾದ ವಂಶಾವಳಿ ಪತ್ರಗಳಿದ್ದು, ಎರಡರಲ್ಲೂ ಒಂದೇ ತಾಯಿಯ ಹೆಸರಿದ್ದು, ಹುಟ್ಟಿದ ದಿನಾಂಕಗಳ ನಡುವೆ ಏಳು ತಿಂಗಳ ಅಂತರವಿದ್ದರೆ ವರ್ಷಕ್ಕೆ ಒಂದೇ ಸೂಲೆಂಬ ನಿಯಮ ಮುರಿದದ್ದು ಅಲ್ಲೇ ಕಾಣುತ್ತದೆ. ಒಬ್ಬೊಬ್ಬರ ಕೈಯಲ್ಲಿ ಈ ಪತ್ರ ಹೆಮ್ಮೆಯ ವಸ್ತು, ಇಬ್ಬರದು ಸೇರಿದರೆ ಸಾಕ್ಷ್ಯ. ಆ ಪತ್ರವೇ ಸರ್ಕಾರಿ ನೋಂದಣಿಯೆಂದು ಕೊಳ್ಳುವವರನ್ನು ನಂಬಿಸುವುದುಂಟು. ಅದು ಖಾಸಗಿ ಸಂಘದ ತಳಿ ದಾಖಲೆ, ಮಂಡಳಿಯ ಪರವಾನಗಿಯಲ್ಲ. ಒಂದು ವಿಳಾಸಕ್ಕೆ ನೋಂದಣಿ ಇದೆಯೇ ಎಂದು ತೆಲಂಗಾಣ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯನ್ನು ಮಾಹಿತಿ ಹಕ್ಕಿನಡಿ ಕೇಳಿದರೆ 30 ದಿನಗಳಲ್ಲಿ ಉತ್ತರ ಬರಬೇಕು. ಮರಿ ಕೊಂಡ ಕೂಡಲೇ ಕೇಳಿದ್ದರೆ, ಖಾಸಗಿ ದೂರನ್ನು ಮ್ಯಾಜಿಸ್ಟ್ರೇಟರ ಮುಂದಿಡಲು ಆಗಲೂ ಎರಡು ತಿಂಗಳು ಉಳಿಯುತ್ತದೆ. ಹೈದರಾಬಾದಿನಿಂದ ಮರಿ ಕೊಂಡೊಯ್ಯುವ ಬೀದರ್, ಕಲಬುರಗಿಯ ಕುಟುಂಬಗಳಿಗೆ ಇನ್ನೊಂದು ಬಾಗಿಲಿದೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರುದಾರರು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರಿಗೆ ಅವಕಾಶ ಕೊಡುತ್ತದೆ, ಅದಕ್ಕೆ ಎರಡು ವರ್ಷದ ಕಾಲಾವಧಿಯಿದೆ. ಜೀವವನ್ನು ಸರಕೆಂದು ಕರೆದಂತಾಗುವುದಿಲ್ಲವೇ ಎಂಬ ನೈತಿಕ ಆಕ್ಷೇಪ ಸಣ್ಣದಲ್ಲ. ಆದರೆ ಅದನ್ನು ಸರಕಾಗಿಸಿದವನು ಮಾರಿದವನು, ಅವನ ಲೆಕ್ಕದ ಭಾಷೆಯಲ್ಲೇ ಅವನಿಂದ ಉತ್ತರ ಕೇಳುವುದರಲ್ಲಿ ತಪ್ಪಿಲ್ಲ.

ವಶಪಡಿಸಿಕೊಂಡ ನಾಯಿಗಳನ್ನು ಇಡುವುದೆಲ್ಲಿ, ಸಾಕುವವರಾರು ಎಂಬುದು ಆಶ್ರಯಧಾಮಗಳವರ ನ್ಯಾಯವಾದ ಪ್ರಶ್ನೆ. 1992ರಲ್ಲಿ ಅಮಲಾ ಅಕ್ಕಿನೇನಿ ಕಟ್ಟಿದ ಬ್ಲೂ ಕ್ರಾಸ್ ಆಫ್ ಹೈದರಾಬಾದ್‌ನಂಥ ಸಂಸ್ಥೆಗಳ ಮೇಲೆ ಇಡೀ ಭಾರ ಹೊರಿಸಲಾಗದು. ಮೊಕದ್ದಮೆಯ ಪ್ರಾಣಿಗಳ ಪಾಲನೆಗೆಂದು 2017ರಲ್ಲೇ ಬಂದ ನಿಯಮಗಳನ್ನು 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪ್ರಶ್ನಿಸಿತು. ಶಿಕ್ಷೆಗೆ ಮೊದಲೇ ಒಡೆತನ ಕಿತ್ತುಕೊಳ್ಳಲು ಮೂಲ ಕಾಯ್ದೆಯಲ್ಲಿ ಎಡೆಯಿಲ್ಲ ಎಂಬುದು ಅಲ್ಲಿನ ಆತಂಕ. ಆದರೆ ಕಾಯ್ದೆಯ 35ನೆಯ ಸೆಕ್ಷನ್ ಒಡೆತನವನ್ನು ಮುಟ್ಟದೆ ಖರ್ಚನ್ನು ಒಡೆಯನ ಮೇಲೆ ಹಾಕುತ್ತದೆ, ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಬಿಡುತ್ತದೆ. ಜಿಲ್ಲಾ ಮ್ಯಾಜಿಸ್ಟ್ರೇಟರು ನಾಯಿಯೊಂದಕ್ಕೆ ದಿನಕ್ಕೆ 100 ರೂಪಾಯಿ ಗೊತ್ತು ಮಾಡಿದರೆಂದು ಊಹಿಸೋಣ: ಇಪ್ಪತ್ತು ನಾಯಿಗಳಿಗೆ ತೊಂಬತ್ತು ದಿನಕ್ಕೆ 1,80,000 ರೂಪಾಯಿ. ಐವತ್ತು ರೂಪಾಯಿಯ ಕಾಯ್ದೆಯೊಳಗೇ ಈ ಬಾಬತ್ತೂ ಅಡಗಿದೆ. ಮುಧೋಳದ ಸುತ್ತಮುತ್ತ ಬೇಟೆನಾಯಿ ಸಾಕಿ ಬದುಕುವ ಮನೆಗಳ ಗತಿಯೇನು ಎಂಬ ಕಳವಳ ಕನ್ನಡ ಓದುಗರದ್ದು. ನಿಯಮ ಅವರಿಗೂ ಒಂದೇ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಂಥ ಸಂಸ್ಥೆ ಅವರ ನೋಂದಣಿಗೆ ನೆರವಾದರೆ ಕಾನೂನು ಅವರಿಗೆ ಹೊರೆಯಾಗದೆ ಕಾವಲಾಗಬಹುದು.

ಮುಂದುವರಿಯುವ ಅಪರಾಧದ ಓದನ್ನು ತೆಲಂಗಾಣದ ನ್ಯಾಯಾಲಯಗಳು ಒಪ್ಪುತ್ತವೆಯೇ, ಇಬ್ಬರು ಕೊಂಡವರ ಕಾಗದಗಳನ್ನು ಒಟ್ಟಿಗೆ ಸಾಕ್ಷ್ಯವಾಗಿ ಸ್ವೀಕರಿಸುತ್ತವೆಯೇ ಎಂಬುದು ಮೊಕದ್ದಮೆಯಲ್ಲೇ ತೀರ್ಮಾನವಾಗಬೇಕು. ಹೈದರಾಬಾದಿನಲ್ಲಿ ಮರಿ ಕೊಂಡಿರುವ ಓದುಗರಲ್ಲಿ ಒಂದು ವಿನಂತಿ: ಲಸಿಕೆ ಕಾರ್ಡು, ಪಾವತಿಯ ರಸೀದಿ, ವಂಶಾವಳಿ ಪತ್ರಗಳನ್ನು ಇವತ್ತೇ ಹುಡುಕಿ ತೆಗೆಯಿರಿ, ಹುಟ್ಟಿದ ದಿನ ಮತ್ತು ಕೊಂಡ ದಿನವನ್ನು ಲೆಕ್ಕ ಹಾಕಿರಿ; ಮಾರಾಟವಾಗಿ ಮೂರು ತಿಂಗಳು ತುಂಬಿಲ್ಲವಾದರೆ ದೂರು ಕೊಡಲು ನಿಮಗಿನ್ನೂ ಹಕ್ಕಿದೆ.