ನೊಣದ ಜೀನ್, ಮಕ್ಕಳ ಕಣ್ಣು: ‘ಕ್ರಂಬ್ಸ್’ ಚರಿತ್ರೆ

ಇವತ್ತು ಯಾವ ರಾಜನ ಕಥೆಯೂ ಅಲ್ಲ, ಒಂದು ಜೀನ್‌ನ ಚರಿತ್ರೆ. ಹೆಸರು ಕ್ರಂಬ್ಸ್. ಅಂದ್ರೆ ಬ್ರೆಡ್ ಮುರಿದಾಗ ತಟ್ಟೆಗೆ ಉದುರೋ ಚೂರುಗಳು.

1970ರ ದಶಕದ ಕೊನೆ, ಜರ್ಮನಿಯ ಹೈಡೆಲ್‌ಬರ್ಗ್. ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶೌಸ್ ಹಣ್ಣಿನ ನೊಣಗಳಿಗೆ ರಾಸಾಯನಿಕ ಕೊಟ್ಟು, ಅವುಗಳ ಡಿಎನ್‌ಎಯಲ್ಲಿ ಎಲ್ಲೆಂದರಲ್ಲಿ ತಪ್ಪು ಹುಟ್ಟಿಸುತ್ತಿದ್ದರು. ಯಾವ ಜೀನ್ ಕೆಟ್ಟರೆ ಭ್ರೂಣ ಹೇಗೆ ಕೆಡುತ್ತೆ ಅನ್ನೋದೇ ಪ್ರಶ್ನೆ. ಇಬ್ಬರೂ ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪಿನ ಮುಂದೆ ಕೂತು ಒಂದೊಂದನ್ನೇ ಪರೀಕ್ಷೆ ಮಾಡಿದರು. ಒಂದು ಬಗೆಯ ಭ್ರೂಣದಲ್ಲಿ ಹೊರಪದರ ಇಡಿಯಾಗಿ ಕೂಡಿಕೊಳ್ಳದೆ ಚೂರುಚೂರಾಗಿತ್ತು. ಹೆಸರು ಅಲ್ಲಿಂದ ಬಂತು. ಈ ಶೋಧದ ವಿವರಗಳು 1984ರಲ್ಲಿ ಪ್ರಕಟವಾದವು, 1995ರಲ್ಲಿ ಎಡ್ವರ್ಡ್ ಲೂಯಿಸ್ ಜೊತೆ ಇಬ್ಬರಿಗೂ ನೊಬೆಲ್ ಬಂತು.

ಚೂರಾಗಿದ್ದು ಯಾಕೆ? 1990ರಲ್ಲಿ ಉಲ್ರಿಶ್ ಟೆಪಾಸ್, ಎಲಿಜಬೆತ್ ಕ್ನುಸ್ಟ್ ತಂಡ ಉತ್ತರ ಕೊಟ್ಟಿತು. ಮನೆಗೆ ಸೂರು, ಪಾಯ ಇರೋ ಹಾಗೆ ಜೀವಕೋಶಕ್ಕೂ ಮೇಲು-ಕೆಳಗು ಇರುತ್ತೆ. ಕ್ರಂಬ್ಸ್ ಪ್ರೋಟೀನ್ ಸೂರಿನ ಕಡೆಯ ಪೊರೆಯಲ್ಲಿ ಮಾತ್ರ ಕೂರುತ್ತೆ. ಅದಿಲ್ಲದಿದ್ದರೆ ಕೋಶಕ್ಕೆ ಮೇಲ್ಭಾಗ ಯಾವುದು ಅಂತಾನೇ ಗೊತ್ತಾಗಲ್ಲ, ಪಕ್ಕದವರ ಕೈ ಬಿಟ್ಟುಹೋಗುತ್ತೆ. 1995ರ ಹೊತ್ತಿಗೆ ಉಲ್ಟಾ ಪ್ರಯೋಗವೂ ಆಯ್ತು: ಕ್ರಂಬ್ಸ್ ಜಾಸ್ತಿ ಮಾಡಿದ್ರೆ ಸೂರಿನ ಭಾಗವೇ ಹಿಗ್ಗುತ್ತೆ. ಅಂದ್ರೆ ಇದು ಬರೀ ಬೋರ್ಡ್ ಅಲ್ಲ, ಸೂರು ಎಲ್ಲಿ ಅಂತ ತೀರ್ಮಾನ ಮಾಡೋದರಲ್ಲೇ ಇದರ ಕೈ ಇದೆ.

ಇಲ್ಲಿವರೆಗೆ ನೊಣದ ವಿಷಯ. ನಮಗೇನು ಸಂಬಂಧ?

ನೆದರ್‌ಲೆಂಡ್ಸ್‌ನಲ್ಲಿ ತಲೆಮಾರುಗಳಿಂದ ತಮ್ಮತಮ್ಮೊಳಗೇ ಮದುವೆಯಾಗುತ್ತಿದ್ದ ಒಂದು ಸಮುದಾಯದಲ್ಲಿ, ಎಳೆ ವಯಸ್ಸಿನಲ್ಲೇ ಇರುಳುಗುರುಡು ಶುರುವಾಗಿ ದೃಷ್ಟಿ ಹೋಗೋ ಕಾಯಿಲೆ ಇತ್ತು. ಅದರ ಜೀನ್ ಒಂದನೇ ಕ್ರೋಮೋಸೋಮ್‌ನಲ್ಲಿದೆ ಅಂತ 1994ರಲ್ಲೇ ತಿಳಿದಿತ್ತು, ಯಾವುದು ಅಂತ ತಿಳಿದಿರಲಿಲ್ಲ. ಅನ್ನೆಕೆ ಡೆನ್ ಹೊಲಾಂಡರ್ ಮತ್ತು ಸಂಗಡಿಗರು ರೆಟಿನಾದಲ್ಲಿ ವಿಶೇಷವಾಗಿ ಕೆಲಸ ಮಾಡೋ ಜೀನ್‌ಗಳನ್ನು ಸೋಸಿ ತೆಗೆದರು. ಒಂದು ಸರಿಯಾಗಿ ಅದೇ ಜಾಗದಲ್ಲಿತ್ತು. ನೋಡಿದ್ರೆ ಅದು ನೊಣದ ಕ್ರಂಬ್ಸ್‌ನ ದಾಯಾದಿ! 1999ರಲ್ಲಿ ಪ್ರಕಟವಾಯ್ತು, ಸಿಆರ್‌ಬಿ1 ಅಂತ ಹೆಸರಾಯ್ತು. ಹುಟ್ಟುಕುರುಡಿನ ಒಂದು ಬಗೆಗೂ ಇದೇ ಕಾರಣ ಅಂತ 2001ರಲ್ಲಿ ಗೊತ್ತಾಯ್ತು.

ಕಣ್ಣಿಗೇ ಯಾಕೆ ಪೆಟ್ಟು? ಬೆಳಕು ಹಿಡಿಯೋ ಕೋಶದಷ್ಟು ಮೇಲು-ಕೆಳಗಿನ ಶಿಸ್ತು ಬೇಡೋ ಕೋಶ ಕಡಿಮೆ. ಒಂದು ತುದಿಯಲ್ಲಿ ನೂರಾರು ತಟ್ಟೆಗಳನ್ನು ಪೇರಿಸಿಟ್ಟಂತೆ ಬೆಳಕಿನ ಪೊರೆಗಳು, ಇನ್ನೊಂದು ತುದಿಯಲ್ಲಿ ನರದ ಸಂಪರ್ಕ. ಮಧ್ಯೆ ಈ ಕೋಶಗಳೂ ಪಕ್ಕದ ಮ್ಯೂಲರ್ ಕೋಶಗಳೂ ಬಿಗಿಯಾಗಿ ಕೈಹಿಡಿದ ಒಂದು ಗೆರೆ. ಕ್ರಂಬ್ಸ್ ಬಳಗ ಆ ಗೆರೆಯ ಸ್ವಲ್ಪ ಮೇಲೆ ಕಾವಲು. ಕಾವಲು ತಪ್ಪಿದರೆ ಕೋಶಗಳು ಸಾಲು ಬಿಟ್ಟು ಜಾರುತ್ತವೆ. ಜೀಬ್ರಾಫಿಶ್‌ನಲ್ಲಿ ರೆಟಿನಾದ ಪದರಗಳೇ ಕಲಸಿಹೋದ ಒಂದು ತಳಿಗೆ ‘ನಾಗಿಯೆ ಓಕೊ’ ಅಂತ ಹೆಸರಿಟ್ಟಿದ್ದರು. ಪೋಲಿಶ್‌ನಲ್ಲಿ ಬರಿಗಣ್ಣು ಅಂತ ಅರ್ಥ. ಅದರಲ್ಲಿ ಕೆಟ್ಟಿದ್ದು ಕ್ರಂಬ್ಸ್‌ಗೆ ಒಳಗಿಂದ ಆಸರೆ ಕೊಡೋ ಪ್ರೋಟೀನಿನ ಜೀನ್ ಅಂತ 2002ರಲ್ಲಿ ತಿಳಿಯಿತು.

ಈಗ ಕೋಡ್ ಬರೆಯೋರಿಗೆ ಎದೆ ಝಲ್ ಅನ್ನೋ ಭಾಗ. 2003ರಲ್ಲಿ ‘ಆರ್‌ಡಿ8’ ಅನ್ನೋ ಇಲಿ ತಳಿಯ ಕಣ್ಣಿನ ದೋಷ ಇದೇ ಜೀನ್‌ನದು ಅಂತ ಪತ್ತೆಯಾಯ್ತು. ಒಂದೇ ಒಂದು ಅಕ್ಷರ ಬಿಟ್ಟುಹೋಗಿತ್ತು, ಅಷ್ಟೇ. 2012ರಲ್ಲಿ ಅಮೆರಿಕದ ಸಂಶೋಧಕರು ನೋಡ್ತಾರೆ, ಜಗತ್ತಿನ ಲ್ಯಾಬ್‌ಗಳು ಕೊಂಡು ಬಳಸುತ್ತಿದ್ದ ಸಿ57ಬಿಎಲ್/6ಎನ್ ಅನ್ನೋ ಹೆಸರಾಂತ ಇಲಿ ತಳಿಯಲ್ಲೇ ಆ ದೋಷ ಕೂತಿದೆ! ಅದರಿಂದ ತಯಾರಾದ ಕಾಂಡಕೋಶಗಳಲ್ಲೂ ಇದೆ. ಎಲ್ಲರೂ ನಂಬಿದ್ದ ಬೇಸ್ ಲೈಬ್ರರಿಯಲ್ಲೇ ಬಗ್ ಇದ್ದ ಹಾಗೆ. ಬೇರೆ ಯಾವುದೋ ಜೀನ್ ತೆಗೆದು ‘ಕಣ್ಣು ಕೆಟ್ಟಿತು’ ಅಂತ ಬರೆದಿದ್ದನ್ನೆಲ್ಲ ಮರುಪರಿಶೀಲನೆ ಮಾಡಬೇಕಾಯ್ತು. ಇಲಿಯ ಕಣ್ಣಿನ ಮೇಲೆ ಕೆಲಸ ಶುರು ಮಾಡೋ ಮುಂಚೆ ಆರ್‌ಡಿ8 ಪರೀಕ್ಷೆ ಮಾಡಿ ಅನ್ನೋ ಎಚ್ಚರಿಕೆ ಅಲ್ಲಿಂದ ಬಂದಿದ್ದು.

ಚಿಕಿತ್ಸೆ? 2017ರಲ್ಲಿ ಆರ್‌ಪಿಇ65 ಅನ್ನೋ ಇನ್ನೊಂದು ಜೀನ್‌ಗೆ ಅಮೆರಿಕದಲ್ಲಿ ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಸಿಆರ್‌ಬಿ1ಕ್ಕೆ ಗಾತ್ರದ ತೊಡಕು. ಜೀನ್ ಹೊತ್ತೊಯ್ಯೋ ವೈರಸ್‌ನಲ್ಲಿ ಹಿಡಿಸೋದು ಸುಮಾರು 4,700 ಅಕ್ಷರ, ಇದರ ಕೋಡ್ ಒಂದೇ 4,200ರಷ್ಟು. ಅದನ್ನು ಆನ್ ಮಾಡೋ ಸ್ವಿಚ್‌ಗೆ ಉಳಿಯೋ ಜಾಗ ಅಷ್ಟಕ್ಕಷ್ಟೇ. ಸಾಲದ್ದಕ್ಕೆ, ಬೆಳಕು ಹಿಡಿಯೋ ಕೋಶದಲ್ಲಿ ಹೆಚ್ಚಾಗಿರೋದು ಈ ಜೀನ್‌ನ ಬೇರೆಯೇ ಆವೃತ್ತಿ ಅಂತ 2020ರಲ್ಲಿ ಬಯಲಾಯ್ತು. ಯಾವ ಆವೃತ್ತಿಯನ್ನು ಯಾವ ಕೋಶಕ್ಕೆ ಕಳಿಸಬೇಕು ಅನ್ನೋ ಪ್ರಶ್ನೆಯೇ ಮತ್ತೆ ತೆರೆದುಕೊಂಡಿತು.

ಕೊನೆಯದಾಗಿ ನಮ್ಮ ಮನೆಯ ಮಾತು. ಈ ಕಾಯಿಲೆ ಬರಬೇಕಾದರೆ ಅಪ್ಪ-ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಒಂದೇ ಪ್ರತಿ ಇದ್ದವರಿಗೆ ಏನೂ ಗೊತ್ತಾಗಲ್ಲ. ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಮದುವೆ ಮಾಡೋ ರೂಢಿ ನಮ್ಮಲ್ಲಿದೆ. ಒಂದೇ ಅಜ್ಜನಿಂದ ಬಂದ ಪ್ರತಿ ಎರಡೂ ಕಡೆಯಿಂದ ಮಗುವಿಗೆ ಸೇರೋ ಸಾಧ್ಯತೆ ಅಲ್ಲಿ ಹೆಚ್ಚು. ಯಾರನ್ನೂ ಹೆದರಿಸೋದಕ್ಕೆ ಹೇಳ್ತಿಲ್ಲ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಕತ್ತಲಲ್ಲಿ ಕಣ್ಣು ಕಾಣದಿದ್ದರೆ ‘ಹಣೆಬರಹ’ ಅಂತ ಸುಮ್ಮನಾಗಬೇಡಿ, ರೆಟಿನಾ ತಜ್ಞರ ಹತ್ತಿರ ಜೀನ್ ಪರೀಕ್ಷೆಯ ಬಗ್ಗೆ ಕೇಳಿ. ಆ ಹಣೆಬರಹದ ಒಂದು ಸಾಲನ್ನು ಓದೋಕೆ ನೊಣದ ಮೊಟ್ಟೆ ಆಗಲೇ ಕಲಿಸಿಕೊಟ್ಟಿದೆ.